ಹಳೆಯ ಕಂಪ್ಯೂಟರಿಗೆ ದೊಡ್ಡ ಡ್ರೈವ್: ಕಾಣಿಸಿದರೆ ಸಾಲದು, ಎಣಿಕೆ ಕೂಡಬೇಕು

ಹತ್ತು ಹದಿನೈದು ವರ್ಷ ದುಡಿದ ಕಂಪ್ಯೂಟರಿಗೆ 4 ಟಿಬಿ ಅಥವಾ 8 ಟಿಬಿ ಹಾರ್ಡ್ ಡಿಸ್ಕ್ ತಗಲಿಸಿದಾಗ ಎಲ್ಲವೂ ಸಲೀಸಾಗಿ ನಡೆಯದಿದ್ದರೆ, ತೊಂದರೆ ಸಾಮಾನ್ಯವಾಗಿ ನಾಲ್ಕು ರೂಪಗಳಲ್ಲಿ ಒಂದಾಗಿ ಬರುತ್ತದೆ. ಡಿಸ್ಕ್ ಕಾಣಿಸುವುದೇ ಇಲ್ಲ. ಕಾಣಿಸಿದರೂ ಅದರ ಗಾತ್ರ ತೀರ ಕಡಿಮೆಯಾಗಿ ತೋರುತ್ತದೆ. ಕಂಪ್ಯೂಟರು ಆರಂಭದ ಕಪ್ಪು ಪರದೆಯಲ್ಲೇ ನಿಂತುಬಿಡುತ್ತದೆ. ಇಲ್ಲವೇ ಎಲ್ಲವೂ ಸರಿಯಾಗಿರುವಂತೆ ಕಂಡು, ತಿಂಗಳುಗಳು ಕಳೆದ ಮೇಲೆ ಕಡತಗಳು ಕೆಡತೊಡಗುತ್ತವೆ. ಮೊದಲ ಮೂರಕ್ಕೆ ಹೆದರಬೇಕಾಗಿಲ್ಲ, ಏಕೆಂದರೆ ತೊಂದರೆ ಕಣ್ಣೆದುರಿಗೇ ಇರುತ್ತದೆ ಮತ್ತು ಅಷ್ಟರಲ್ಲಿ ನೀವು ಇನ್ನೂ ಏನನ್ನೂ ಕಳೆದುಕೊಂಡಿರುವುದಿಲ್ಲ. ನಾಲ್ಕನೆಯದೇ ನಿಜವಾದ ಅಪಾಯ. ಈ ಲೇಖನದಲ್ಲಿ ಹೇಳುವ ಹೆಚ್ಚಿನ ಎಚ್ಚರಿಕೆಗಳು ಅದನ್ನು ತಪ್ಪಿಸುವುದಕ್ಕಾಗಿಯೇ ಇವೆ.

ಡಿಸ್ಕಿನ ತಟ್ಟೆಗೂ ನಿಮ್ಮ ಕಡತಕ್ಕೂ ನಡುವೆ ಹಲವು ಕೈಗಳಿವೆ. ವಿದ್ಯುತ್ ಕೊಡುವ ಎಸ್‌ಎಂಪಿಎಸ್, ಕೇಬಲ್, ಮದರ್‌ಬೋರ್ಡಿನ ಕಂಟ್ರೋಲರ್ ಚಿಪ್, ಕಂಪ್ಯೂಟರ್ ಹಾಕಿದೊಡನೆ ಮೊದಲು ನಡೆಯುವ ಬೋರ್ಡಿನ ಪ್ರೋಗ್ರಾಂ ಆದ ಬಯೋಸ್, ಆಪರೇಟಿಂಗ್ ಸಿಸ್ಟಂನ ಡ್ರೈವರ್, ಡಿಸ್ಕನ್ನು ಭಾಗಗಳಾಗಿ ಹಂಚಿದ ವಿವರವಿರುವ ಪಾರ್ಟಿಷನ್ ಪಟ್ಟಿ, ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ, ಕೊನೆಗೆ ಡಿಸ್ಕನ್ನು ರಿಪೇರಿ ಮಾಡುವ ಪ್ರೋಗ್ರಾಂ. ಕಂಟ್ರೋಲರಿನಿಂದ ಮುಂದಕ್ಕೆ ಇರುವ ಪ್ರತಿಯೊಂದೂ ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳನ್ನು, ಎಣಿಸುತ್ತದೆ, ಮತ್ತು ಪ್ರತಿಯೊಂದಕ್ಕೂ ಎಣಿಸಬಲ್ಲ ಗರಿಷ್ಠ ಸಂಖ್ಯೆ ಎಂಬುದೊಂದಿದೆ. ಐದು ಕೈಗಳು ಸರಿಯಾಗಿ ಎಣಿಸಿ ಆರನೆಯದು ಎಡವಿದರೂ ಸಾಕು, ಫಲ ಒಂದೇ. ಆದ್ದರಿಂದ "ಬಯೋಸಿನಲ್ಲಿ ಪೂರ್ತಿ ಗಾತ್ರ ತೋರಿಸುತ್ತಿದೆ" ಎಂಬ ಒಂದೇ ಕಾರಣಕ್ಕೆ ಡಿಸ್ಕನ್ನು ನಂಬಬಾರದು.

ಸ್ಕ್ರೂ ಬಿಚ್ಚುವ ಮೊದಲು

ಮೊದಲ ಹೆಜ್ಜೆ ಕಾಗದದ ಮೇಲಿನದು. ಮದರ್‌ಬೋರ್ಡಿನ ಹೆಸರು ಮತ್ತು ರಿವಿಷನ್ ಸಂಖ್ಯೆ ಬೋರ್ಡಿನ ಮೇಲೆಯೇ ಅಚ್ಚಾಗಿರುತ್ತವೆ. ಬಯೋಸ್ ಆವೃತ್ತಿಯೂ ಅದರ ದಿನಾಂಕವೂ ಕಂಪ್ಯೂಟರ್ ಹಾಕಿದೊಡನೆ ಬರುವ ಪರದೆಯಲ್ಲಿ ಅಥವಾ ಸೆಟಪ್ಪಿನ ಮೊದಲ ಪುಟದಲ್ಲಿ ಸಿಗುತ್ತವೆ. ಆಪರೇಟಿಂಗ್ ಸಿಸ್ಟಂನ ಹೆಸರನ್ನು ಸರ್ವಿಸ್ ಪ್ಯಾಕ್ ಸಮೇತ ಬರೆದಿಟ್ಟುಕೊಳ್ಳಿ, ಅದು 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನೂ ಸೇರಿಸಿ. ಬಳಿಕ ಕವಚ ತೆಗೆದು, ಡಿಸ್ಕ್ ಜೋಡಿಸುವ ಕನೆಕ್ಟರುಗಳು ಯಾವುವು ಎಂದು ನೋಡಿ. 40 ಪಿನ್ನುಗಳ ಅಗಲ ಪಟ್ಟಿ ಕೇಬಲ್ ಇದ್ದರೆ ಅದು ಐಡಿಇ, ಬೆರಳಗಲದ ತೆಳು ಕೇಬಲ್ ಇದ್ದರೆ ಅದು ಸಾಟಾ. 2003ರಿಂದ ಕೆಲವು ವರ್ಷಗಳ ಅವಧಿಯಲ್ಲಿ ಬಂದ ಎಷ್ಟೋ ಬೋರ್ಡುಗಳಲ್ಲಿ ಎರಡೂ ಇರುತ್ತವೆ.

ಈ ವಿವರಗಳು ಕೈಯಲ್ಲಿದ್ದರೆ ಬೋರ್ಡ್ ತಯಾರಕರ ಬಯೋಸ್ ಪರಿಷ್ಕರಣೆಗಳ ಪಟ್ಟಿಯನ್ನು ಓದಬಹುದು. "ದೊಡ್ಡ ಡಿಸ್ಕಿಗೆ ಬೆಂಬಲ" ಅಥವಾ "48 ಬಿಟ್ ಎಲ್‌ಬಿಎ" ಎಂಬ ಸಾಲು (ಇದರ ವಿವರಣೆ ಮುಂದೆ ಇದೆ) ಅಲ್ಲಿ ಕಂಡರೆ ಆ ಪರಿಷ್ಕರಣೆ ನಿಮಗೆ ಬೇಕಾದದ್ದು. ಬಯೋಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಸತ್ತಂತಾಗಬಹುದು. ಆದ್ದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಹಳೆಯ ಡಿಸ್ಕಿನಲ್ಲಿರುವುದರ ಬ್ಯಾಕಪ್ ಅನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆಗೆದು, ಅದು ಅಲ್ಲಿ ತೆರೆಯುತ್ತದೆ ಎಂದು ನೋಡಿದ ನಂತರವೇ ಮುಂದಿನ ಹೆಜ್ಜೆ ಇಡಿ.

ಗಾತ್ರದ ಗೋಡೆಗಳು

ಹಳೆಯ ಪಿಸಿಗಳಲ್ಲಿ ಡಿಸ್ಕಿನ ವಿಳಾಸವನ್ನು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳಲ್ಲಿ ಹೇಳುತ್ತಿದ್ದರು. ಬಯೋಸಿನ ಮಿತಿಯೂ ಐಡಿಇ ಮಿತಿಯೂ ಒಂದರ ಮೇಲೊಂದು ಬಿದ್ದಾಗ ಉಳಿಯುತ್ತಿದ್ದುದು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಮಾತ್ರ. ಸೆಕ್ಟರಿಗೆ 512 ಬೈಟಿನಂತೆ ಗುಣಿಸಿದರೆ 528 ಎಂಬಿ ಬರುತ್ತದೆ. ಮೊದಲ ಗೋಡೆ ಅದು. ಹೆಡ್ಡುಗಳ ಎಣಿಕೆಯನ್ನು 255ಕ್ಕೆ ಏರಿಸುವ ಉಪಾಯ ಹೂಡಿದಾಗ ಗೋಡೆ 8.4 ಜಿಬಿಗೆ ಸರಿಯಿತು. ಅದರಾಚೆಗೆ ಸೆಕ್ಟರುಗಳನ್ನು ಸೊನ್ನೆಯಿಂದ ನೇರವಾಗಿ ಎಣಿಸುವ ಎಲ್‌ಬಿಎ ಪದ್ಧತಿ ಬಂತು. ಹಾಗಿದ್ದರೂ ಕೆಲವು ಬಯೋಸುಗಳು ಒಳಗೊಳಗೆ 65,535 ಸಿಲಿಂಡರುಗಳ ಲೆಕ್ಕವನ್ನೇ ಹಿಡಿದುಕೊಂಡಿದ್ದರಿಂದ 33.8 ಜಿಬಿಯಲ್ಲಿ ಮತ್ತೊಂದು ತಡೆ ಉಂಟಾಯಿತು. ಅಂಥ ಬಯೋಸ್ ಇರುವ ಯಂತ್ರಕ್ಕೆ ದೊಡ್ಡ ಡಿಸ್ಕ್ ತಗಲಿಸಿದರೆ ಡಿಸ್ಕನ್ನು ಗುರುತಿಸುವ ಹಂತದಲ್ಲೇ ಪರದೆ ಸ್ತಬ್ಧವಾಗುವುದುಂಟು.

ಇಂದು ಕೈಗೆ ಸಿಗುವ ಹಳೆಯ ಯಂತ್ರಗಳಲ್ಲಿ ಎದುರಾಗುವುದು ಮುಖ್ಯವಾಗಿ ಇನ್ನೆರಡು ಗೋಡೆಗಳು: 137 ಜಿಬಿ ಮತ್ತು 2.2 ಟಿಬಿ.

137 ಜಿಬಿಯದು 28 ಬಿಟ್ಟಿನ ವಿಳಾಸದ ಮಿತಿ. 28 ಬಿಟ್ಟುಗಳಲ್ಲಿ 26,84,35,456 ಸೆಕ್ಟರುಗಳನ್ನು ಎಣಿಸಬಹುದು, ಹೆಚ್ಚಿಲ್ಲ. ವಿಂಡೋಸ್ ತನ್ನ ರೂಢಿಯ ಲೆಕ್ಕದಲ್ಲಿ ಇದನ್ನೇ 128 ಜಿಬಿ ಎಂದು ತೋರಿಸುತ್ತದೆ. 2002ರ ಎಟಿಎ-6 ಮಾನಕ ವಿಳಾಸವನ್ನು 48 ಬಿಟ್ಟಿಗೆ ಹಿಗ್ಗಿಸಿತು. ಆದರೆ ಮಾನಕ ಬಂದ ಮಾತ್ರಕ್ಕೆ ಎಲ್ಲ ಕೈಗಳೂ ಅದನ್ನು ಕಲಿತವು ಎಂದಲ್ಲ. ವಿಂಡೋಸ್ ಎಕ್ಸ್‌ಪಿ ಅದನ್ನು ಕಲಿತದ್ದು ಸರ್ವಿಸ್ ಪ್ಯಾಕ್ 1ರಲ್ಲಿ. ವಿಂಡೋಸ್ 2000ಕ್ಕೆ ಸರ್ವಿಸ್ ಪ್ಯಾಕ್ 3 ಅಥವಾ ನಂತರದ್ದು ಇರಬೇಕು, ಅಷ್ಟೇ ಅಲ್ಲದೆ ವಿಂಡೋಸಿನ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಅಟಾಪಿ ಡ್ರೈವರಿನ ಪ್ಯಾರಾಮೀಟರುಗಳ ಕೆಳಗೆ "ಎನೇಬಲ್‌ಬಿಗ್‌ಎಲ್‌ಬಿಎ" ಎಂಬ ಬೆಲೆಯನ್ನು 1 ಎಂದು ನಾವೇ ಬರೆಯಬೇಕು. ವಿಂಡೋಸ್ 98ರ ಮೂಲ ಐಡಿಇ ಡ್ರೈವರ್ ಅದನ್ನು ಕಲಿಯಲೇ ಇಲ್ಲ.

ಈ ಕೊನೆಯ ವಾಕ್ಯದ ಬೆಲೆ ಎಷ್ಟೆಂದು ನಾನು ಕಣ್ಣಾರೆ ಕಂಡಿದ್ದೇನೆ. ಪರಿಚಿತರೊಬ್ಬರ ವಿಂಡೋಸ್ 98 ಯಂತ್ರಕ್ಕೆ 160 ಜಿಬಿ ಡಿಸ್ಕ್ ಹಾಕಿಕೊಟ್ಟಿದ್ದೆ. ಬಯೋಸ್ ಹೊಸದಾಗಿತ್ತು, 160 ಎಂದೇ ತೋರಿಸಿತು. ವಿಂಡೋಸ್ 149 ಜಿಬಿ ಎಂದಿತು. ಅದೂ ಸರಿಯೇ, ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ಅಂತರ ಅಷ್ಟೇ. ಫಾರ್ಮ್ಯಾಟ್ ಆಯಿತು, ಕಡತಗಳು ಹೋದವು, ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಅವರು ಧ್ವನಿಮುದ್ರಣಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರು. ಒಂದು ದಿನ ಡಿಸ್ಕ್ 128ರ ಗೆರೆ ದಾಟಿತು. ಮರುದಿನ ಕಂಪ್ಯೂಟರ್ ಹಾಕಿದಾಗ ಆ ಡ್ರೈವ್ ಫಾರ್ಮ್ಯಾಟ್ ಆಗಿಲ್ಲ ಎಂಬ ಸಂದೇಶ ಬಂತು. ನಡೆದದ್ದು ಇಷ್ಟು: ಗೆರೆಯಾಚೆಗಿನ ವಿಳಾಸದ ಮೇಲಿನ ಬಿಟ್ಟುಗಳನ್ನು ಡ್ರೈವರ್ ಕೈಬಿಟ್ಟಿದ್ದರಿಂದ, ಕೊನೆಗೆ ಹೋಗಬೇಕಿದ್ದ ಬರವಣಿಗೆ ಸುತ್ತಿ ಬಂದು ಡಿಸ್ಕಿನ ಆದಿಯ ಮೇಲೆ ಬಿದ್ದಿತ್ತು. ಪಾರ್ಟಿಷನ್ ಪಟ್ಟಿಯೂ ಕಡತಗಳ ಸೂಚಿಯೂ ಇರುವುದು ಅಲ್ಲಿಯೇ. ಪರಿಶೀಲನಾ ಪ್ರೋಗ್ರಾಮುಗಳ ನೆರವಿನಿಂದ ಮುದ್ರಣಗಳಲ್ಲಿ ಒಂದಷ್ಟನ್ನು ಮರಳಿ ಪಡೆದೆವು, ಉಳಿದವು ಹೋದವು. ಅಂದು ಡಿಸ್ಕನ್ನು ಒಪ್ಪಿಸುವ ಮೊದಲು ಒಮ್ಮೆ ಪೂರ್ತಿ ತುಂಬಿಸಿ ನೋಡಿದ್ದರೆ, ಖಾಲಿ ಡಿಸ್ಕ್ ಕೆಡುತ್ತಿತ್ತೇ ಹೊರತು ಅವರ ಮುದ್ರಣಗಳು ಕೆಡುತ್ತಿರಲಿಲ್ಲ.

2.2 ಟಿಬಿಯ ಗೋಡೆ ಇರುವುದು ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪಟ್ಟಿಯಲ್ಲಿ. ಅದರಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ಟಿನ ಜಾಗವಿದೆ. 512 ಬೈಟಿನ ಸೆಕ್ಟರಾದರೆ ಲೆಕ್ಕ 2.2 ಟಿಬಿಗೆ ನಿಲ್ಲುತ್ತದೆ. ಜಿಪಿಟಿ ಎಂಬ ಹೊಸ ಪಟ್ಟಿಗೆ ಈ ಮಿತಿ ಇಲ್ಲ. ಆದರೆ 32 ಬಿಟ್ಟಿನಲ್ಲಿ ಎಣಿಸುವುದು ಎಂಬಿಆರ್ ಒಂದೇ ಅಲ್ಲ, ಹಳೆಯ ಸಾಟಾ ಡ್ರೈವರುಗಳೂ ಡಿಸ್ಕನ್ನು ಹೊರಗಿನಿಂದ ಜೋಡಿಸುವ ಯುಎಸ್‌ಬಿ ಪೆಟ್ಟಿಗೆಗಳೊಳಗಿನ ಹಳೆಯ ಚಿಪ್ಪುಗಳೂ ಹಾಗೆಯೇ ಎಣಿಸುವುದುಂಟು. ಇದನ್ನು ಗುರುತಿಸಲು ಒಳ್ಳೆಯ ಸುಳಿವೊಂದಿದೆ. 3 ಟಿಬಿ ಡಿಸ್ಕ್ 746 ಜಿಬಿ ಎಂದು ಕಂಡರೆ ಡಿಸ್ಕ್ ಕೆಟ್ಟಿದೆ ಎಂದು ತಿಳಿಯಬೇಡಿ. 3 ಟಿಬಿಯಿಂದ 2.2 ಟಿಬಿ ಕಳೆದರೆ ವಿಂಡೋಸಿನ 1024ರ ಲೆಕ್ಕದಲ್ಲಿ ಉಳಿಯುವುದು ಅಷ್ಟೇ. ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಬಳಸುವ ಯಂತ್ರಗಳಲ್ಲಿ ಅದರ 10.1 ಅಥವಾ ನಂತರದ ಆವೃತ್ತಿ ಹಾಕಿದರೆ ಈ ತೊಂದರೆ ಹೋಗುತ್ತದೆ. ಅಂಥ ಸ್ಥಿತಿಯಲ್ಲಿ ಡಿಸ್ಕಿನ ಮೇಲೆ ಏನನ್ನೂ ಬರೆಯದೆ, ತಪ್ಪೆಣಿಸುತ್ತಿರುವ ಕೈ ಯಾವುದೆಂದು ಮೊದಲು ಹುಡುಕಿ.

ಕರೆಂಟು ಮತ್ತು ಕೇಬಲ್

ಡಿಸ್ಕ್ ತಿರುಗುವ ಸದ್ದೇ ಕೇಳಿಸದಿದ್ದರೆ ಬಯೋಸಿನ ಬಗ್ಗೆ ಯೋಚಿಸುವ ಅಗತ್ಯವಿಲ್ಲ. ಹೊಸ ದೊಡ್ಡ ಡಿಸ್ಕುಗಳಲ್ಲಿ, ಅದರಲ್ಲಿಯೂ ಸರ್ವರುಗಳಿಗೆಂದು ಮಾಡಿದವುಗಳಲ್ಲಿ ಮತ್ತು ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಕೆಲವುಗಳಲ್ಲಿ, ಒಂದು ವಿಶೇಷವಿದೆ. ಸಾಟಾ ವಿದ್ಯುತ್ ಕನೆಕ್ಟರಿನ 15 ಸಂಪರ್ಕಗಳ ಪೈಕಿ ಮೊದಲ ಮೂರು ಹಿಂದೆ 3.3 ವೋಲ್ಟಿಗೆ ಮೀಸಲಾಗಿದ್ದವು. 2016ರ ಸಾಟಾ 3.3 ಮಾನಕ ಮೂರನೆಯ ಸಂಪರ್ಕಕ್ಕೆ "ಡಿಸ್ಕನ್ನು ಆರಿಸು" ಎಂಬ ಹೊಸ ಅರ್ಥ ಕೊಟ್ಟಿತು. ಹಳೆಯ ಎಸ್‌ಎಂಪಿಎಸ್ ಅಲ್ಲಿ ಎಂದಿನಂತೆ 3.3 ವೋಲ್ಟ್ ಕಳಿಸುತ್ತದೆ, ಡಿಸ್ಕ್ ಅದನ್ನು ಅಪ್ಪಣೆ ಎಂದು ತಿಳಿದು ಮಲಗಿಯೇ ಇರುತ್ತದೆ. ಹೊಚ್ಚ ಹೊಸ ಡಿಸ್ಕನ್ನು ಸತ್ತದ್ದೆಂದು ಹಿಂದಿರುಗಿಸುವವರಲ್ಲಿ ಕೆಲವರ ಕಥೆ ಇದೇ ಆಗಿರುತ್ತದೆ.

ಪರಿಹಾರ ಸರಳ, ಆದರೆ ಕೈ ನಡುಗಬಾರದು. ಡಿಸ್ಕಿನ ಹಿಂಬದಿಯಲ್ಲಿ ಚಿಕ್ಕ ಭಾಗ ಡೇಟಾದ್ದು, ಉದ್ದದ್ದು ವಿದ್ಯುತ್ತಿನದು. ಡೇಟಾ ಭಾಗಕ್ಕೆ ಹತ್ತಿರವಿರುವ ತುದಿಯಿಂದ ವಿದ್ಯುತ್ ಸಂಪರ್ಕಗಳನ್ನು ಎಣಿಸಿ. ಶಾಖ ತಡೆಯುವ ಕಂದು ಬಣ್ಣದ ಕ್ಯಾಪ್ಟಾನ್ ಟೇಪಿನಿಂದ ಕಿರಿದಾದ ಒಂದು ಪಟ್ಟಿ ಕತ್ತರಿಸಿ, ಮೊದಲ ಮೂರು ಸಂಪರ್ಕಗಳ ಮೇಲೆ ಬರುವಂತೆ ಚಿಮುಟದಿಂದ ಅಂಟಿಸಿ. ಮೂರನೆಯದೊಂದನ್ನೇ ಮುಚ್ಚಿದರೂ ಸಾಕು, ಆದರೆ ಅಷ್ಟು ಸಣ್ಣ ತುಂಡು ಕನೆಕ್ಟರ್ ತಳ್ಳುವಾಗ ಜಾರುತ್ತದೆ. ಇಂಥ ಡಿಸ್ಕುಗಳಿಗೆ 3.3 ವೋಲ್ಟ್ ಬೇಕಿಲ್ಲದ ಕಾರಣ ಮೂರನ್ನೂ ಮುಚ್ಚುವುದರಿಂದ ನಷ್ಟವಿಲ್ಲ. ನಾಲ್ಕನೆಯದಕ್ಕೆ ಟೇಪು ತಾಗಬಾರದು. ನಾಲ್ಕು ಪಿನ್ನಿನ ಹಳೆಯ ಮೋಲೆಕ್ಸ್ ಕನೆಕ್ಟರಿನಿಂದ ಸಾಟಾಕ್ಕೆ ಬದಲಾಯಿಸುವ ತಂತಿಯೂ ಇದೇ ಕೆಲಸ ಮಾಡುತ್ತದೆ, ಏಕೆಂದರೆ ಮೋಲೆಕ್ಸಿನಲ್ಲಿ 3.3 ವೋಲ್ಟ್ ಇಲ್ಲವೇ ಇಲ್ಲ. ಆದರೆ ಪ್ಲಾಸ್ಟಿಕ್ ಒಳಗೆ ತಂತಿಗಳನ್ನು ಎರಕ ಹೊಯ್ದು ಮುಚ್ಚಿದ ಅಗ್ಗದ ತಂತಿಗಳು ಒಳಗೇ ತಾಗಿ ಕರಗಿದ, ಹೊತ್ತಿಕೊಂಡ ಉದಾಹರಣೆಗಳಿವೆ. ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿರುವ, ಹಿಂಭಾಗದ ಮುಚ್ಚಳ ತೆರೆಯಲು ಬರುವ ಮಾದರಿಯನ್ನೇ ಕೊಳ್ಳಿ. ನಾನು ಟೇಪನ್ನೇ ಆರಿಸುತ್ತೇನೆ.

3.5 ಇಂಚಿನ ಡಿಸ್ಕ್ ತಿರುಗಲು ಆರಂಭಿಸುವ ಕೆಲವು ಕ್ಷಣ 12 ವೋಲ್ಟಿನ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯಬಲ್ಲದು. ಎಸ್‌ಎಂಪಿಎಸ್ ಕೂಡ ಕಂಪ್ಯೂಟರಿನಷ್ಟೇ ಹಳೆಯದಾಗಿದ್ದು, ಅದಕ್ಕೆ ಆಗಲೇ ಎರಡು ಮೂರು ಡಿಸ್ಕುಗಳಿದ್ದರೆ, ಹೊಸ ಡಿಸ್ಕಿಗೆ ಖರ್ಚು ಮಾಡುವ ಮೊದಲು ಎಸ್‌ಎಂಪಿಎಸ್ ಬದಲಿಸುವುದು ಒಳ್ಳೆಯದು.

ಸಾಟಾ ಕನೆಕ್ಟರಿದ್ದೂ ಡಿಸ್ಕ್ ಕಾಣಿಸದಿರುವ ಇನ್ನೊಂದು ಸಂದರ್ಭ ವೇಗಕ್ಕೆ ಸಂಬಂಧಿಸಿದ್ದು. ಮೊದಲ ತಲೆಮಾರಿನ ಸಾಟಾ ಸೆಕೆಂಡಿಗೆ 1.5 ಗಿಗಾಬಿಟ್ಟಿನದು, ನಂತರದವು 3 ಮತ್ತು 6 ಗಿಗಾಬಿಟ್ಟಿನವು. ಎರಡು ಕಡೆಯವೂ ಮಾತಾಡಿಕೊಂಡು ಕಡಿಮೆ ವೇಗಕ್ಕೆ ಒಪ್ಪಿಕೊಳ್ಳಬೇಕು ಎಂಬುದು ನಿಯಮ. ವಿಐಎ ಕಂಪನಿಯ ವಿಟಿ8237, ವಿಟಿ8237ಆರ್‌ನಂಥ ಚಿಪ್ಪುಗಳಲ್ಲಿ ಈ ಒಪ್ಪಂದ ಏರ್ಪಡುವುದಿಲ್ಲ, ಡಿಸ್ಕ್ ಪತ್ತೆಯೇ ಆಗುವುದಿಲ್ಲ. ಡಿಸ್ಕಿನ ಹಿಂಭಾಗದಲ್ಲಿ ಜಂಪರ್ (ಎರಡು ಪಿನ್ನುಗಳನ್ನು ಜೋಡಿಸುವ ಪುಟ್ಟ ಟೋಪಿ) ಹಾಕುವ ಪಿನ್ನುಗಳಿದ್ದು, 1.5 ಗಿಗಾಬಿಟ್ಟಿಗೆ ಇಳಿಸುವ ಚಿತ್ರ ಲೇಬಲ್ಲಿನ ಮೇಲಿದ್ದರೆ ಅದರಂತೆ ಜಂಪರ್ ಹಾಕಿ. ಈಚಿನ ಹಲವು ಡಿಸ್ಕುಗಳಲ್ಲಿ ಆ ಸೌಲಭ್ಯವಿಲ್ಲ. ಆಗ ಬೇರೆ ಕಂಟ್ರೋಲರ್ ಕಾರ್ಡೇ ದಾರಿ.

ಐಡಿಇ ಬಳಸುವವರು ಕೇಬಲ್ಲಿನ ತಂತಿಗಳನ್ನು ನೋಡಬೇಕು. 40 ತಂತಿಯದಕ್ಕಿಂತ 80 ತಂತಿಯದರ ಎಳೆಗಳು ತೆಳುವಾಗಿ, ಒತ್ತಾಗಿ ಇರುತ್ತವೆ. ಸೆಕೆಂಡಿಗೆ 33 ಎಂಬಿಗಿಂತ ಹೆಚ್ಚಿನ ವೇಗಕ್ಕೆ 80 ತಂತಿಯದೇ ಬೇಕು. ಒಂದೇ ಕೇಬಲ್ಲಿನ ಎರಡು ಡಿಸ್ಕುಗಳಿಗೆ ಮಾಸ್ಟರ್, ಸ್ಲೇವ್ ಜಂಪರುಗಳನ್ನು ಸರಿಯಾಗಿ ಇಡಿ.

ಯಾವ ದಾರಿಯಿಂದ ಜೋಡಿಸುವುದು

ಬೋರ್ಡಿನ ಕನೆಕ್ಟರಿಗೆ ನೇರವಾಗಿ ಜೋಡಿಸಿ, ಮೇಲಿನ ಗೋಡೆಗಳಲ್ಲಿ ಯಾವುದೂ ಅಡ್ಡ ಬರದಿದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಅಡ್ಡ ಬಂದರೆ ನನ್ನ ಮೊದಲ ಆಯ್ಕೆ ಪ್ರತ್ಯೇಕ ಸಾಟಾ ಕಂಟ್ರೋಲರ್ ಕಾರ್ಡು. ಅದಕ್ಕೆ ತನ್ನದೇ ಬಯೋಸ್ ಇದ್ದರೆ, ಬೋರ್ಡಿನ ಬಯೋಸ್ 137 ಜಿಬಿಯಲ್ಲಿ ನಿಂತಿದ್ದರೂ ಕಾರ್ಡಿನ ಮೂಲಕ ಹೋಗುವ ಡಿಸ್ಕಿಗೆ ಆ ತಡೆ ತಟ್ಟುವುದಿಲ್ಲ. ಹಳೆಯ ಪಿಸಿಐ ಸ್ಲಾಟಿನಲ್ಲಿ ಒಟ್ಟು ವೇಗ ಸೆಕೆಂಡಿಗೆ 133 ಎಂಬಿ ಮಾತ್ರ, ಅದನ್ನೂ ಉಳಿದ ಕಾರ್ಡುಗಳೊಂದಿಗೆ ಹಂಚಿಕೊಳ್ಳಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಅದಕ್ಕೆ ತಕ್ಕ ಕಾರ್ಡನ್ನು ಕೊಳ್ಳಿ. ಕಾರ್ಡಿನ ಡ್ರೈವರ್ ನಿಮ್ಮ ಆಪರೇಟಿಂಗ್ ಸಿಸ್ಟಂಗೆ ಲಭ್ಯವಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಐಡಿಇ ಕನೆಕ್ಟರಿಗೆ ಸಾಟಾ ಡಿಸ್ಕ್ ಜೋಡಿಸಿಕೊಡುವ ಪುಟ್ಟ ಪರಿವರ್ತಕಗಳೂ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅವು ಕನೆಕ್ಟರಿನ ಆಕಾರವನ್ನು ಬದಲಿಸುತ್ತವೆಯೇ ಹೊರತು ಬಯೋಸಿನ ಎಣಿಕೆಯನ್ನಲ್ಲ. ಗೋಡೆ ಇದ್ದಲ್ಲಿಯೇ ಇರುತ್ತದೆ.

ಯುಎಸ್‌ಬಿ ಪೆಟ್ಟಿಗೆ ಬಯೋಸಿನ ನೆರವೇ ಬೇಕಿಲ್ಲದ ದಾರಿ, ಆದ್ದರಿಂದ ಸುಲಭ. ಬೆಲೆ ತೆರಬೇಕಾದದ್ದು ಸಮಯದಲ್ಲಿ. ಯುಎಸ್‌ಬಿ 2.0 ಹೆಸರಿಗೆ ಸೆಕೆಂಡಿಗೆ 480 ಮೆಗಾಬಿಟ್ಟಿನದಾದರೂ ಕೈಗೆ ಸಿಗುವುದು 30ರಿಂದ 40 ಎಂಬಿ. 35 ಎಂಬಿ ಎಂದು ಹಿಡಿದರೆ 4 ಟಿಬಿ ತುಂಬಲು ಸುಮಾರು 32 ಗಂಟೆ ಬೇಕು. ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುವವರಿಗೆ ಇದು ತೊಂದರೆಯಲ್ಲ, ದಿನವೂ ದೊಡ್ಡ ವಿಡಿಯೊ ಕಡತಗಳೊಂದಿಗೆ ಕೆಲಸ ಮಾಡುವವರಿಗೆ ತೊಂದರೆ. ಯುಎಸ್‌ಬಿ 1.1 ಮಾತ್ರ ಇರುವ ಯಂತ್ರದಲ್ಲಿ ಈ ದಾರಿಯನ್ನು ಬಿಟ್ಟುಬಿಡಿ.

ಮತ್ತೊಂದು ಆಯ್ಕೆ ಡಿಸ್ಕನ್ನು ಹಳೆಯ ಯಂತ್ರದ ಒಳಗಿಡದೆ, ಜಾಲದಲ್ಲಿರುವ ಇನ್ನೊಂದು ಹೊಸ ಯಂತ್ರದಲ್ಲಿಟ್ಟು ಹಂಚಿಕೊಳ್ಳುವುದು. ಆಗ ಸೆಕ್ಟರ್ ಎಣಿಸುವ ಹೊಣೆ ಹೊಸ ಯಂತ್ರದ್ದು, ಹಳೆಯದು ಕಡತಗಳನ್ನಷ್ಟೇ ಕೇಳುತ್ತದೆ. ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದರೆ ಇದರಷ್ಟು ನಿಶ್ಚಿಂತೆಯ ವ್ಯವಸ್ಥೆ ಬೇರಿಲ್ಲ.

ಬೂಟ್ ಆಗುವುದು ಚಿಕ್ಕ ಡಿಸ್ಕಿನಿಂದ

ದೊಡ್ಡ ಡಿಸ್ಕಿನಿಂದಲೇ ಕಂಪ್ಯೂಟರ್ ಆರಂಭವಾಗಬೇಕೆಂಬ ಹಟ ಬಿಡಿ. ಆಪರೇಟಿಂಗ್ ಸಿಸ್ಟಂ ಹಳೆಯ ಚಿಕ್ಕ ಡಿಸ್ಕಿನಲ್ಲೋ 120 ಜಿಬಿಯ ಎಸ್‌ಎಸ್‌ಡಿಯಲ್ಲೋ ಇರಲಿ, ದೊಡ್ಡ ಡಿಸ್ಕ್ ಕಡತಗಳಿಗೆ ಮಾತ್ರ ಇರಲಿ. ಬಯೋಸಿನ ಎಣಿಕೆ ಮುಖ್ಯವಾಗುವುದು ಬೂಟ್ ಆಗುವ ಮೊದಲ ಕ್ಷಣಗಳಲ್ಲಿ. ಆ ಬಳಿಕ ಲಿನಕ್ಸ್ ಆಗಲಿ ಎಕ್ಸ್‌ಪಿ ನಂತರದ ವಿಂಡೋಸ್ ಆಗಲಿ ಡಿಸ್ಕಿನೊಂದಿಗೆ ತಾವೇ ಮಾತಾಡುತ್ತವೆ. ಹೀಗಾಗಿ ಬೂಟ್ ಬೇರೆ ಡಿಸ್ಕಿನಿಂದ ಆಗುತ್ತಿದ್ದರೆ ಬಯೋಸಿನ ಗೋಡೆಗಳ ಬಹುಪಾಲು ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಡಿಸ್ಕನ್ನು ಕಂಡು ಬಯೋಸ್ ಸ್ತಬ್ಧವಾಗುವ ಯಂತ್ರಗಳಲ್ಲಿ, ಆ ಕನೆಕ್ಟರಿನ ಸಾಲಿಗೆ ಸೆಟಪ್ಪಿನಲ್ಲಿ "ನನ್" (ಯಾವುದೂ ಇಲ್ಲ) ಎಂದು ಆರಿಸಿದರೆ ಬಯೋಸ್ ಅತ್ತ ನೋಡದೆ ಮುಂದೆ ಹೋಗುತ್ತದೆ, ಆದರೂ ಲಿನಕ್ಸ್ ಡಿಸ್ಕನ್ನು ಪತ್ತೆಮಾಡಿಕೊಳ್ಳುವುದುಂಟು.

ಒಂದೇ ಡಿಸ್ಕಿಗೆ ಜಾಗವಿರುವ ಯಂತ್ರದಲ್ಲಿ ದೊಡ್ಡದರಿಂದಲೇ ಬೂಟ್ ಮಾಡಬೇಕಾದರೆ ಆರಂಭದಲ್ಲೇ ಚಿಕ್ಕ ಪಾರ್ಟಿಷನ್ ಮಾಡಿ. ಲಿನಕ್ಸಿನಲ್ಲಿ "ಬೂಟ್" ಕೋಶಕ್ಕೆ 1 ಜಿಬಿಯ ಪ್ರತ್ಯೇಕ ಪಾರ್ಟಿಷನ್ ಡಿಸ್ಕಿನ ಮೊದಲಲ್ಲಿರಲಿ. ಇದನ್ನು ಮಾಡದೆ ಇಡೀ ಡಿಸ್ಕನ್ನು ಒಂದೇ ಪಾರ್ಟಿಷನ್ ಮಾಡಿದವರಿಗೆ ಮೊದಮೊದಲು ಎಲ್ಲವೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ಕರ್ನೆಲ್ ಕಡತ (ಲಿನಕ್ಸಿನ ತಿರುಳು) ಅದೃಷ್ಟವಶಾತ್ ಬಯೋಸ್ ಎಣಿಸಬಲ್ಲ ಗೆರೆಯೊಳಗೆ ಕೂತಿರುತ್ತದೆ. ಮುಂದೊಂದು ದಿನ ಅಪ್‌ಡೇಟ್ ಆದಾಗ ಹೊಸ ಕರ್ನೆಲ್ ಗೆರೆಯಾಚೆ ಬಿದ್ದರೆ, ಡಿಸ್ಕಿನ ಹೊರಗೆ ಓದಲು ಯತ್ನಿಸಲಾಗಿದೆ ಎಂಬ ಅರ್ಥದ ದೋಷ ತೋರಿಸಿ, ಲಿನಕ್ಸನ್ನು ಎಬ್ಬಿಸುವ ಗ್ರಬ್ ಪ್ರೋಗ್ರಾಂ ನಿಂತುಬಿಡುತ್ತದೆ. ಬಯೋಸ್ ಯಂತ್ರದಲ್ಲೇ ಜಿಪಿಟಿ ಡಿಸ್ಕಿನಿಂದ ಲಿನಕ್ಸ್ ಬೂಟ್ ಮಾಡಬಹುದು; ಅದಕ್ಕೆ 1 ಎಂಬಿಯ "ಬಯೋಸ್ ಬೂಟ್" ಪಾರ್ಟಿಷನ್ ಒಂದು ಬೇಕು. ವಿಂಡೋಸ್ ಜಿಪಿಟಿ ಡಿಸ್ಕಿನಿಂದ ಬೂಟ್ ಆಗಲು ಬಯೋಸಿನ ಬದಲು ಬಂದ ಹೊಸ ವ್ಯವಸ್ಥೆಯಾದ ಯುಇಎಫ್‌ಐ ಇರಲೇಬೇಕು.

ಪಾರ್ಟಿಷನ್ ಮಾಡುವಾಗ

ವಿಂಡೋಸ್ ವಿಸ್ಟಾ ಮತ್ತು ನಂತರದವು ಜಿಪಿಟಿ ಡಿಸ್ಕನ್ನು ಕಡತಗಳಿಗಾಗಿ ಬಳಸಬಲ್ಲವು. 32 ಬಿಟ್ಟಿನ ಎಕ್ಸ್‌ಪಿ ಜಿಪಿಟಿಯನ್ನು ಓದುವುದಿಲ್ಲ. ಅದಕ್ಕೆ 2 ಟಿಬಿಯ ಡಿಸ್ಕೇ ಕೊನೆ ಎಂದು ತಿಳಿದು ಅದಕ್ಕಿಂತ ದೊಡ್ಡದನ್ನು ಕೊಳ್ಳದಿರುವುದು ವಿವೇಕ.

ಎಕ್ಸ್‌ಪಿಯಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಈಗಿನ ಡಿಸ್ಕುಗಳ ಒಳಗಿನ ಸೆಕ್ಟರ್ 4096 ಬೈಟಿನದು. ಹಳೆಯ ಯಂತ್ರಗಳಿಗೋಸ್ಕರ ಅವು 512 ಬೈಟಿನ ಸೆಕ್ಟರುಗಳ ವೇಷ ಹಾಕುತ್ತವೆ, ಅಂಥವನ್ನು 512ಇ ಎನ್ನುತ್ತಾರೆ. ಎಂಟು ಚಿಕ್ಕ ಸೆಕ್ಟರುಗಳು ಸೇರಿ ಒಂದು ದೊಡ್ಡದಾಗುವುದರಿಂದ ಪಾರ್ಟಿಷನ್ ಎಂಟರಿಂದ ಭಾಗವಾಗುವ ಸಂಖ್ಯೆಯಲ್ಲಿ ಆರಂಭವಾಗಬೇಕು. ಎಕ್ಸ್‌ಪಿ ಮೊದಲ ಪಾರ್ಟಿಷನ್ನನ್ನು 63ನೆಯ ಸೆಕ್ಟರಿನಿಂದ ಆರಂಭಿಸುತ್ತದೆ, 63 ಎಂಟರಿಂದ ಭಾಗವಾಗುವುದಿಲ್ಲ. ಫಲವಾಗಿ ಪ್ರತಿಯೊಂದು 4 ಕೆಬಿ ಬರವಣಿಗೆಯೂ ಎರಡು ದೊಡ್ಡ ಸೆಕ್ಟರುಗಳ ಮೇಲೆ ಕಾಲಿಟ್ಟು ನಿಲ್ಲುತ್ತದೆ. ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ಕಡತಗಳು ಕೆಡುವುದಿಲ್ಲ, ಆದರೆ ವೇಗ ನೆಲಕಚ್ಚುತ್ತದೆ. ವಿಂಡೋಸ್ 7 ಅಥವಾ ಲಿನಕ್ಸಿನ ಜಿಪಾರ್ಟೆಡ್ ಬಳಸಿ 2048ನೆಯ ಸೆಕ್ಟರಿನಿಂದ ಆರಂಭವಾಗುವ ಪಾರ್ಟಿಷನ್ ಮಾಡಿ, ಆಮೇಲೆ ಡಿಸ್ಕನ್ನು ಎಕ್ಸ್‌ಪಿ ಯಂತ್ರಕ್ಕೆ ಹಾಕಿದರೆ ಈ ತೊಂದರೆ ಇರುವುದಿಲ್ಲ. ವೇಷವನ್ನೇ ಹಾಕದ 4ಕೆಎನ್ ಎಂಬ ಡಿಸ್ಕುಗಳು ವಿಂಡೋಸ್ 7ಕ್ಕೂ ಆಗಿಬರುವುದಿಲ್ಲ. ಹಳೆಯ ಯಂತ್ರಕ್ಕೆ ಕೊಳ್ಳುವಾಗ 512ಇ ಎಂದು ಖಚಿತಪಡಿಸಿಕೊಳ್ಳಿ.

32 ಬಿಟ್ಟಿನ ಲಿನಕ್ಸ್ ಕರ್ನೆಲ್ಲಿಗೂ ಒಂದು ಗೋಡೆ ಇದೆ, ಅದು 16 ಟಿಬಿ ಆಸುಪಾಸಿನದು. ಪ್ರೊಸೆಸರ್ 64 ಬಿಟ್ಟಿನದಾಗಿದ್ದರೆ 64 ಬಿಟ್ಟಿನ ಲಿನಕ್ಸನ್ನೇ ಹಾಕಿ. ದೊಡ್ಡ ಫೈಲ್ ಸಿಸ್ಟಂಗಳನ್ನು ರಿಪೇರಿ ಮಾಡುವ ಪ್ರೋಗ್ರಾಮುಗಳಿಗೆ ರ‍್ಯಾಮ್ ಕೂಡ ಹೆಚ್ಚು ಬೇಕು. 512 ಎಂಬಿ ಇರುವ ಯಂತ್ರದಲ್ಲಿ 8 ಟಿಬಿಯ ರಿಪೇರಿ ನಡುವಿನಲ್ಲೇ ನಿಲ್ಲಬಹುದು. ಅಂಥ ರಿಪೇರಿಯನ್ನು ಬೇರೆ ಯಂತ್ರದಲ್ಲಿ ಮಾಡಿ.

ತುಂಬಿಸಿ ಓದಿ ನೋಡುವ ಪರೀಕ್ಷೆ

ಇದನ್ನು ಬಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಡಿಸ್ಕ್ ಖಾಲಿ ಇರುವಾಗಲೇ, ಅದು ಮುಂದೆ ಇರಲಿರುವ ಯಂತ್ರದಲ್ಲಿ, ಅದೇ ಕೇಬಲ್ಲಿನಲ್ಲಿ, ಅದೇ ಆಪರೇಟಿಂಗ್ ಸಿಸ್ಟಂ ಅಡಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಬರೆದು ಮತ್ತೆ ಓದಿ ಹೋಲಿಸಬೇಕು. ಬೇರೆ ಯಂತ್ರದಲ್ಲಿ ಮಾಡಿದ ಪರೀಕ್ಷೆ ಡಿಸ್ಕ್ ಚೆನ್ನಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ನಿಮ್ಮ ಹಳೆಯ ಯಂತ್ರ ಸರಿಯಾಗಿ ಎಣಿಸುತ್ತದೆ ಎಂಬುದನ್ನಲ್ಲ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ಪ್ರೋಗ್ರಾಮುಗಳು ಖಾಲಿ ಜಾಗವನ್ನೆಲ್ಲ ಗುರುತಿರುವ ಕಡತಗಳಿಂದ ತುಂಬಿಸಿ, ಅನಂತರ ಒಂದೊಂದನ್ನೂ ಓದಿ ತಾಳೆ ನೋಡುತ್ತವೆ. ಎಣಿಕೆ ಎಲ್ಲೋ ಸುತ್ತಿ ಬಂದಿದ್ದರೆ ಮೊದಲ ಕಡತಗಳೇ ಕೆಟ್ಟಿರುವುದು ಇಲ್ಲಿ ತಪ್ಪದೆ ಬಯಲಾಗುತ್ತದೆ. ಬರೆಯುವ ಹಂತ ಮುಗಿದ ಮೇಲೆ ಕಂಪ್ಯೂಟರನ್ನು ಪೂರ್ತಿ ಆರಿಸಿ, ಮತ್ತೆ ಹಾಕಿ, ಆಮೇಲೆ ಓದುವ ಹಂತ ನಡೆಸಿ. ಪಾರ್ಟಿಷನ್ ಪಟ್ಟಿ ಉಳಿದಿದೆಯೇ ಎಂಬುದೂ ಆಗ ತಿಳಿಯುತ್ತದೆ. ಲಿನಕ್ಸಿನ ಬ್ಯಾಡ್‌ಬ್ಲಾಕ್ಸ್ ಬಳಸುವವರು ಬ್ಲಾಕ್ ಗಾತ್ರವನ್ನು 4096 ಎಂದು ಕೊಡಬೇಕು, ಏಕೆಂದರೆ ಆ ಪ್ರೋಗ್ರಾಮಿನ ಎಣಿಕೆಯೂ 32 ಬಿಟ್ಟಿನದೇ. ಬ್ಯಾಡ್‌ಬ್ಲಾಕ್ಸಿನ ಬರೆಯುವ ಪರೀಕ್ಷೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ ಎಂಬುದನ್ನು ಮರೆಯಬೇಡಿ.

ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೂ 4 ಟಿಬಿಯನ್ನು ಬರೆಯಲು ಸುಮಾರು 11 ಗಂಟೆ, ಓದಲು ಇನ್ನಷ್ಟೇ ಹೊತ್ತು ಬೇಕು. ಒಂದು ರಾತ್ರಿಯೂ ಒಂದು ಹಗಲೂ ಹೋಗುತ್ತವೆ. ಹೋಗಲಿ.

ಇನ್ನೂ ಹಳೆಯವು, ಎಸ್‌ಎಸ್‌ಡಿಗಳು

1998ಕ್ಕಿಂತ ಹಿಂದಿನ ಯಂತ್ರಗಳಿಗೆ ಟಿಬಿಗಳ ಅಗತ್ಯವೇ ಇಲ್ಲ. ಅವುಗಳಲ್ಲಿ ನಡೆಯುವ ಪ್ರೋಗ್ರಾಮುಗಳಿಗೆ 2 ಜಿಬಿಯ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಧಾರಾಳ. ಆ ಕಾರ್ಡ್ ವಿದ್ಯುತ್ ಸಂಪರ್ಕದ ಮಟ್ಟಿಗೆ ಐಡಿಇ ಡಿಸ್ಕೇ ಆಗಿರುವುದರಿಂದ ಸರಳ ಪರಿವರ್ತಕದ ಮೂಲಕ ನೇರವಾಗಿ ಕೂರುತ್ತದೆ, ಸದ್ದೂ ಇಲ್ಲ, ಬಿಸಿಯೂ ಇಲ್ಲ. ದೊಡ್ಡದೇ ಬೇಕೆನ್ನುವವರಿಗೆ ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯೋಸ್ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ರೋಮ್ (ಕರೆಂಟು ಹೋದರೂ ಅಳಿಯದ ಸ್ಮೃತಿ) ಚಿಪ್ಪಿಗೆ ಬರೆದು ನೆಟ್‌ವರ್ಕ್ ಕಾರ್ಡಿನ ಖಾಲಿ ಸಾಕೆಟ್ಟಿಗೆ ಹಾಕಿದರೆ ಹಳೆಯ ಬಯೋಸಿನ ಬದಲು ಅದೇ ಡಿಸ್ಕನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಉಪಾಯ, ಲಿನಕ್ಸಿನ ಎಚ್‌ಡಿಪಾರ್ಮ್ ಬಳಸಿ ಡಿಸ್ಕೇ ತನ್ನ ಗಾತ್ರವನ್ನು ಕಡಿಮೆ ಹೇಳುವಂತೆ ಮಾಡುವುದು. ಕೆಲವು ಐಡಿಇ ಡಿಸ್ಕುಗಳಲ್ಲಿ ಇದಕ್ಕೆಂದೇ 32 ಜಿಬಿಗೆ ಇಳಿಸುವ ಜಂಪರ್ ಇತ್ತು.

2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆಯ ಯಂತ್ರಕ್ಕೆ ಹೊಸ ಜೀವ ಕೊಡುತ್ತದೆ ಎಂಬುದು ನಿಜ, ಕನೆಕ್ಟರ್ ನಿಧಾನದ್ದಾಗಿದ್ದರೂ ಸಹ. ಅಳಿಸಿದ ಜಾಗವನ್ನು ಡ್ರೈವಿಗೆ ತಿಳಿಸುವ ಟ್ರಿಮ್ ಆಜ್ಞೆ ವಿಂಡೋಸಿಗೆ ಬಂದದ್ದು 7ನೆಯ ಆವೃತ್ತಿಯಲ್ಲಿ. ಎಕ್ಸ್‌ಪಿಯಲ್ಲಿ ಬಳಸುವವರು ಎಸ್‌ಎಸ್‌ಡಿಯ ಒಂದು ಭಾಗವನ್ನು ಪಾರ್ಟಿಷನ್ ಮಾಡದೆ ಬಿಟ್ಟರೆ ಡ್ರೈವಿನ ಒಳ ಕೆಲಸಕ್ಕೆ ಅದು ಒದಗುತ್ತದೆ. ಹೊಸ ಬಗೆಯ ಎಸ್‌ಎಸ್‌ಡಿಯಾದ ಎನ್‌ವಿಎಂಇ ಡ್ರೈವನ್ನು ಪಿಸಿಐ ಎಕ್ಸ್‌ಪ್ರೆಸ್ ಪರಿವರ್ತಕದಲ್ಲಿ ಕೂರಿಸಿ ಕಡತಗಳಿಗೆ ಬಳಸಬಹುದು. ಹಳೆಯ ಬಯೋಸ್ ಅದನ್ನು ಗುರುತಿಸುವುದಿಲ್ಲವಾದ್ದರಿಂದ ಬೂಟ್ ಮಾತ್ರ ಬೇರೆ ಡಿಸ್ಕಿನಿಂದಲೇ ಆಗಬೇಕು.

ಯುಎಸ್‌ಬಿ ಪೆಟ್ಟಿಗೆಯ ದಾರಿ ಆರಿಸಿಕೊಂಡವರು "ಈ ಡಿಸ್ಕನ್ನು ಬಿಚ್ಚಿ ಬೇರೆಡೆ ಹಾಕಬೇಡಿ" ಎಂದು ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿಡಿ. ಎಕ್ಸ್‌ಪಿಯಲ್ಲೂ 2.2 ಟಿಬಿ ದಾಟಲು ನೆರವಾಗಲೆಂದು ಕೆಲವು ಪೆಟ್ಟಿಗೆಗಳು ಡಿಸ್ಕಿನ ಸೆಕ್ಟರನ್ನು 4096 ಬೈಟಿನದೆಂದು ತೋರಿಸುತ್ತವೆ. ಆಗ ಎಂಬಿಆರ್ ಪಟ್ಟಿಯೇ ಎಂಟು ಪಟ್ಟು ದೂರ ಎಣಿಸುತ್ತದೆ. ಅಂಥ ಪೆಟ್ಟಿಗೆಯಿಂದ ಡಿಸ್ಕನ್ನು ಬಿಚ್ಚಿ ನೇರವಾಗಿ ಸಾಟಾಕ್ಕೆ ಹಾಕಿದರೆ ಅಳತೆಗೋಲೇ ಬದಲಾಗಿರುವುದರಿಂದ ಪಾರ್ಟಿಷನ್ ಕಾಣಿಸುವುದಿಲ್ಲ, ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳುತ್ತದೆ. ಬೇಡ ಎಂದು ಹೇಳಿ, ಡಿಸ್ಕನ್ನು ಅದೇ ಪೆಟ್ಟಿಗೆಗೆ ಮರಳಿ ಹಾಕಿ ನೋಡಿ. ಕಡತಗಳು ಅಲ್ಲಿಯೇ ಇರುತ್ತವೆ.